ಕೂದಲುದುರಿದ ತಲೆಗೆ ಮೆತ್ತನೆಯ ಟೋಪಿ

ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಗಾದೆ ನಗುತ್ತದೆ. ಆದರೆ ಅಗತ್ಯ ಒದಗುವುದಕ್ಕೆ ಮೊದಲೇ ಸಿದ್ಧಪಡಿಸಿಡಬೇಕಾದ ಟೋಪಿಯೊಂದುಂಟು. ಅದು ಕ್ಯಾನ್ಸರ್ ರೋಗಕ್ಕೆ ಔಷಧ ಪಡೆಯುತ್ತಿರುವವರು ಧರಿಸುವ ಟೋಪಿ. ಚಿಕಿತ್ಸೆಯಿಂದ ಕೂದಲನ್ನು ಕಳೆದುಕೊಂಡವರಿಗಾಗಿ ಮೆತ್ತನೆಯ ಟೋಪಿಗಳನ್ನೂ ಶಾಲುಗಳನ್ನೂ ಹೆಣೆದು ಕೊಡುವ ಸೇವೆ ಇಂದು ಹಲವು ದೇಶಗಳಲ್ಲಿ ನಡೆಯುತ್ತಿದೆ. ಎರಡು ಕಡ್ಡಿ, ಒಂದು ಉಂಡೆ ನೂಲು, ಒಂದಿಷ್ಟು ಬಿಡುವು, ಇವಿದ್ದರೆ ಸಾಕೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಹಾಗೆ ಹೆಣೆದ ಟೋಪಿ ತಲೆಯ ಮೇಲಿರುವುದೋ ಪೆಟ್ಟಿಗೆಯ ತಳ ಸೇರುವುದೋ ಎಂಬುದನ್ನು ನಿರ್ಧರಿಸುವುದು ಹೆಣೆದವರ ಕರುಣೆಯೊಂದೇ ಅಲ್ಲ. ನೂಲಿನ ಎಳೆ ಎಷ್ಟು ದಪ್ಪ, ಕುಣಿಕೆ ಎಷ್ಟು ಹಿಗ್ಗುತ್ತದೆ, ಚರ್ಮ ಯಾವ ಸ್ಥಿತಿಯಲ್ಲಿದೆ ಎಂಬ ಸಂಗತಿಗಳೂ ಅದನ್ನು ನಿರ್ಧರಿಸುತ್ತವೆ. ಆದುದರಿಂದ ಇದು ವಿಜ್ಞಾನದ ವಿದ್ಯಾರ್ಥಿಗೂ ವಿಚಾರಯೋಗ್ಯವಾದ ವಿಷಯವಾಗಿದೆ.

ಮೊದಲು, ಕೂದಲು ಉದುರುವುದೇಕೆ? ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಯಾವುದೇ ಸಮಯದಲ್ಲಿ ನೋಡಿದರೂ ಅವುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಬೆಳೆಯುವ ಅವಸ್ಥೆಯಲ್ಲಿರುತ್ತವೆ. ಪ್ರತಿಯೊಂದು ಕೂದಲಿನ ಬುಡದಲ್ಲಿಯೂ ಜೀವಕೋಶಗಳು ಎಡೆಬಿಡದೆ ವಿಭಜನೆ ಹೊಂದುತ್ತ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಕೂದಲನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ದೇಹದಲ್ಲಿ ಅತ್ಯಂತ ಶೀಘ್ರವಾಗಿ ವಿಭಜಿಸುವ ಕೋಶಗಳಲ್ಲಿ ಇವೂ ಸೇರಿವೆ. ಕ್ಯಾನ್ಸರಿನ ಕೋಶಗಳ ಲಕ್ಷಣವೂ ಅಂಕೆಯಿಲ್ಲದ ವಿಭಜನೆಯೇ. ವಿಭಜನೆಯನ್ನು ತಡೆಯುವ ಔಷಧಗಳಲ್ಲಿ ಹಲವಕ್ಕೆ ಶತ್ರುವೂ ಮಿತ್ರನೂ ಒಂದೇ ಆಗಿ ತೋರುವುದರಿಂದ ಕೂದಲಿನ ಬುಡಕ್ಕೂ ಪೆಟ್ಟು ಬೀಳುತ್ತದೆ. ಚಿಕಿತ್ಸೆ ಮೊದಲಾದ ಎರಡು ಮೂರು ವಾರಗಳಲ್ಲಿ ಕೂದಲು ಉದುರತೊಡಗುತ್ತದೆ. ಎಲ್ಲ ಔಷಧಗಳೂ ಹೀಗೆ ಮಾಡುವುದಿಲ್ಲ. ಉದುರಿದ ಕೂದಲು ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಟೋಪಿ ಮೊದಲೇ ಸಿದ್ಧವಾಗಿರಬೇಕೆಂದು ಹೇಳಿದ್ದು ಈ ಎರಡು ಮೂರು ವಾರಗಳ ಅವಧಿಯನ್ನು ನೆನೆದೇ.

ತಿರುಪತಿಯಲ್ಲಿಯೋ ಮಲೆ ಮಹದೇಶ್ವರ ಬೆಟ್ಟದಲ್ಲಿಯೋ ಮುಡಿ ಕೊಟ್ಟು ಬಂದವರ ಬೋಳುತಲೆಯನ್ನು ನಮ್ಮಲ್ಲಿ ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಅದು ತಾನಾಗಿ ಕೊಟ್ಟದ್ದು. ರೋಗಿಯ ಕೂದಲಾದರೋ ಕೇಳದೆ ಹೋದದ್ದು. ಹೋಗುವಾಗ ರೋಗದ ಗುಟ್ಟನ್ನೂ ಬೀದಿಗೆ ತಂದಿಟ್ಟು ಹೋಗುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ನೆರೆಯಲ್ಲಿರುವ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ರಾಜ್ಯದ ಎಲ್ಲ ಮೂಲೆಗಳಿಂದಲೂ ಜನರು ಚಿಕಿತ್ಸೆಗೆಂದು ಬರುತ್ತಾರೆ. ಬಸ್ಸಿನಲ್ಲಿ ಊರಿಗೆ ಮರಳುವವರಿಗೆ ಟೋಪಿಯು ಬಿಸಿಲು ಚಳಿಗಳಿಂದ ಮಾತ್ರವಲ್ಲ, ಅಪರಿಚಿತರ ಪ್ರಶ್ನೆಗಳಿಂದಲೂ ರಕ್ಷಣೆಯಾಗುತ್ತದೆ.

ಇನ್ನು ನೂಲಿನ ವಿಷಯ. ಕುರಿಯ ಉಣ್ಣೆಯೂ ನಮ್ಮ ಕೂದಲೂ ಕೆರಾಟಿನ್ ಎಂಬ ಒಂದೇ ಬಗೆಯ ಪ್ರೋಟೀನಿನಿಂದಾದವು. ಹಾಗಿದ್ದರೂ ಕೆಲವು ಉಣ್ಣೆ ಚುಚ್ಚುತ್ತದೆ, ಕೆಲವು ಚುಚ್ಚುವುದಿಲ್ಲ. ಇದರ ಕಾರಣ ರಾಸಾಯನಿಕವಾದುದಲ್ಲ, ಯಾಂತ್ರಿಕವಾದುದು. ಬಟ್ಟೆಯ ಮೇಲ್ಮೈಯಿಂದ ಹೊರಚಾಚಿದ ಎಳೆಗಳ ತುದಿಗಳು ಚರ್ಮವನ್ನು ಒತ್ತುತ್ತವೆ. ತೆಳುವಾದ ಎಳೆ ಬಾಗಿಬಿಡುತ್ತದೆ; ದಪ್ಪನೆಯ ಎಳೆ ಬಾಗದೆ ಚರ್ಮದ ನರತುದಿಗಳನ್ನು ಕೆರಳಿಸುತ್ತದೆ. ಒಂದೇ ವಸ್ತುವಿನ, ಒಂದೇ ಉದ್ದದ ಎಳೆಗಳಲ್ಲಿ, ಬಾಗುವ ಮೊದಲು ತಡೆಯಬಲ್ಲ ಒತ್ತಡವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಎಂದರೆ, ವ್ಯಾಸ ಎರಡು ಪಟ್ಟಾದರೆ ಪೆಡಸುತನ ಹದಿನಾರು ಪಟ್ಟಾಗುತ್ತದೆ! ಸುಮಾರು 30 ಮೈಕ್ರಾನುಗಳಿಗಿಂತ (1 ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಾದ ಎಳೆಗಳು ನೂರಕ್ಕೆ ಐದರಷ್ಟಿದ್ದರೂ ಚುಚ್ಚುವಿಕೆ ಅರಿವಿಗೆ ಬರುತ್ತದೆ.

ನಮ್ಮ ದಖ್ಖನಿ ಕುರಿಗಳ ಉಣ್ಣೆಯಿಂದ ಚಳ್ಳಕೆರೆಯ ಕಡೆ ನೇಯುವ ಕಂಬಳಿ ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ಅದರ ಒರಟು ಎಳೆ ಮಳೆಯಲ್ಲಿ ಕುರಿ ಕಾಯುವವನಿಗೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಕೂದಲಿಲ್ಲದ, ಮುಟ್ಟಿದರೆ ನೋಯುವ ನೆತ್ತಿಗೆ ಅದು ಸಲ್ಲದು. ಮೆರಿನೋ ಕುರಿಯ ಉಣ್ಣೆಯಲ್ಲಿ ಎಳೆಗಳು 24 ಮೈಕ್ರಾನುಗಳಿಗಿಂತ ತೆಳುವಾಗಿರುವುದರಿಂದ ಮೆತ್ತಗಿರುತ್ತದೆ, ಆದರೆ ಬೆಲೆ ಹೆಚ್ಚು. ಹತ್ತಿಯ ಎಳೆ ಅದಕ್ಕಿಂತಲೂ ತೆಳುವಾದುದು. 1972ರಲ್ಲಿ ಧಾರವಾಡದ ಸಂಶೋಧನೆಯ ಫಲವಾಗಿ ಬಳಕೆಗೆ ಬಂದ ವರಲಕ್ಷ್ಮಿ ಎಂಬ ಮಿಶ್ರತಳಿಯ ಹತ್ತಿ ತನ್ನ ನೀಳವಾದ ನವುರು ಎಳೆಗೆ ಹೆಸರಾಯಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಪುಷ್ಯಮಾಸದ ರಾತ್ರಿಯಲ್ಲಿಯೂ ಶಾಖವು ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿರುತ್ತದೆ. ಇಂತಹ ಹವೆಗೆ ಮೆತ್ತನೆಯ ಹತ್ತಿನೂಲೇ ಬಹುಮಟ್ಟಿಗೆ ಯೋಗ್ಯವಾದುದು. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆಂಬ ಮಾತು ಪ್ರಚಾರದಲ್ಲಿದೆಯಾದರೂ ಅದು ಸರಿಯಲ್ಲ. ದೇಹದ ಹೊರಮೈಯಲ್ಲಿ ತಲೆಯ ಪಾಲು ನೂರಕ್ಕೆ ಹತ್ತಕ್ಕಿಂತ ಹೆಚ್ಚಿಲ್ಲ. ಶಾಖನಷ್ಟವೂ ಸುಮಾರಾಗಿ ಅಷ್ಟೇ.

ನೂಲನ್ನು ಆರಿಸಿದ ಮೇಲೆ ಹೆಣಿಗೆಯೇ ಏಕೆ, ಬಟ್ಟೆಯನ್ನು ಕತ್ತರಿಸಿ ಹೊಲಿಯಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಿರಿ. ಕರವಸ್ತ್ರವನ್ನು ಅದರ ಎಳೆಗಳ ದಿಕ್ಕಿನಲ್ಲಿ ಹಿಡಿದೆಳೆಯಿರಿ. ಅದು ಹಿಗ್ಗುವುದಿಲ್ಲವೆಂದೇ ಹೇಳಬಹುದು. ಬಳಿಕ ಬನಿಯನ್ನನ್ನು ಅಡ್ಡಲಾಗಿ ಎಳೆಯಿರಿ. ಅದು ಧಾರಾಳವಾಗಿ ಹಿಗ್ಗಿ ಮತ್ತೆ ಕುಗ್ಗುತ್ತದೆ. ಎರಡೂ ಹತ್ತಿಯವೇ. ಭೂತಗನ್ನಡಿಯಿಂದ ನೋಡಿದರೆ ರಹಸ್ಯ ತಿಳಿಯುತ್ತದೆ. ಕರವಸ್ತ್ರದಲ್ಲಿ ಹಾಸುಹೊಕ್ಕಿನ ನೂಲುಗಳು ಹೆಚ್ಚುಕಡಮೆ ನೇರವಾಗಿವೆ. ಬನಿಯನ್ನಿನಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿದೆ. ಎಳೆದಾಗ ಹಿಗ್ಗುವುದು ನೂಲಲ್ಲ, ಆಕಾರ ಬದಲಿಸುವುದು ಕುಣಿಕೆ. ಒಂದು ಕುಣಿಕೆ ಸೀದಾ, ಒಂದು ಉಲ್ಟಾ ಎಂದು ಹೆಣೆದ ಪಟ್ಟಿ ಇನ್ನೂ ಹೆಚ್ಚು ಹಿಗ್ಗುತ್ತದೆ. ಆದುದರಿಂದ ಟೋಪಿಯ ಅಂಚಿಗೆ ಅದೇ ತಕ್ಕದ್ದು. ತಲೆಯ ಸುತ್ತಳತೆ 56 ಸೆಂಟಿಮೀಟರಿದ್ದರೆ ಟೋಪಿ ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರು ಚಿಕ್ಕದಾಗಿರಲಿ. ಆಗ ಅದು ಜಾರುವುದೂ ಇಲ್ಲ, ಹಣೆಯ ಮೇಲೆ ಗೆರೆ ಮೂಡಿಸುವುದೂ ಇಲ್ಲ. ಒಳಗೆ ಹೊಲಿಗೆಯ ಉಬ್ಬಾಗಲಿ ಗಂಟಾಗಲಿ ಇರಬಾರದು. ದಿಂಬಿನ ಮೇಲೆ ತಲೆಯಿಟ್ಟು ಮಲಗಿದವರಿಗೆ ಒಂದು ಗಂಟೂ ಕಲ್ಲಿನಂತೆ ಒತ್ತುತ್ತದೆ.

ಶಾಲಿನ ಉಪಯೋಗವೇ ಬೇರೆ. ರಕ್ತಹೀನತೆಯುಳ್ಳವರಿಗೆ ಬೇಗನೆ ಚಳಿಯಾಗುತ್ತದೆ. ಔಷಧವನ್ನು ರಕ್ತನಾಳದ ಮೂಲಕ ಕೊಡುವಾಗ ಗಂಟೆಗಟ್ಟಲೆ ಅಲುಗಾಡದೆ ಕುಳಿತಿರಬೇಕಾಗುತ್ತದೆ. ಸಡಿಲವಾಗಿ ಹೆಣೆದ ಶಾಲಿನ ಕುಣಿಕೆಗಳ ನಡುವೆ ನಿಂತ ಗಾಳಿಯೇ ಬೆಚ್ಚನೆಯ ಹೊದಿಕೆ. ಭಾರ ಹೆಚ್ಚಿದಷ್ಟೂ ಬೆಚ್ಚಗೆಂಬ ನಿಯಮವೇನೂ ಇಲ್ಲ. ಶಾಲು ಮುಂಭಾಗದಲ್ಲಿ ತೆರೆದಿದ್ದು, ಸೂಜಿ ಹಾಕಿದ ಕೈ ಬಿಡುವಾಗಿರುವಷ್ಟು ಮೋಟಾಗಿರಬೇಕು. ನಳಿಗೆಗೆ ತೊಡರಿಕೊಳ್ಳುವ ಕುಚ್ಚುಗಳು ಬೇಡ.

ಶುಚಿತ್ವವು ಎಲ್ಲಕ್ಕಿಂತ ಮುಖ್ಯವಾದುದು. ಚಿಕಿತ್ಸೆಯ ಒಂದೆರಡು ವಾರಗಳ ತರುವಾಯ ರಕ್ತದ ಬಿಳಿಕಣಗಳು ಕಡಮೆಯಾಗಿ, ಸೋಂಕನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ. ಆದುದರಿಂದ ಟೋಪಿಯನ್ನು ಒಗೆದು, ಚೆನ್ನಾಗಿ ಒಣಗಿಸಿ, ಚೀಲದಲ್ಲಿ ಮುಚ್ಚಿ ಕೊಡಬೇಕು. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆಯ ಎಳೆಗಳ ಮೇಲಿನ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಟೋಪಿ ಕುಗ್ಗಿ ಗಟ್ಟಿಯಾಗುವುದುಂಟು. ಹತ್ತಿಗೆ ಆ ದೋಷವಿಲ್ಲ. ಸುಗಂಧವನ್ನು ಎಂದಿಗೂ ಹಚ್ಚಬಾರದು, ಏಕೆಂದರೆ ಆ ದಿನಗಳಲ್ಲಿ ಮಲ್ಲಿಗೆಯ ವಾಸನೆಯೂ ವಾಕರಿಕೆ ತರಬಹುದು.

ಪಶ್ಚಿಮ ಬೆಂಗಳೂರಿನ ಗೋವಿಂದರಾಜನಗರಕ್ಕೆ ನೂಲಿನ ನಂಟು ಹೊಸತಲ್ಲ. ಅಲ್ಲಿಂದ ಮಾಗಡಿ ರಸ್ತೆಯಲ್ಲಿ ಪೇಟೆಯ ಕಡೆಗೆ ಬಂದರೆ ಬಿನ್ನಿಪೇಟೆ ಸಿಗುತ್ತದೆ. 1884ರಲ್ಲಿ ಸ್ಥಾಪಿತವಾಗಿ ಉಣ್ಣೆಬಟ್ಟೆಗೆ ಪ್ರಸಿದ್ಧವಾದ ಬಿನ್ನಿ ಗಿರಣಿ ಅಲ್ಲಿತ್ತು. ಈಗ ಅದು ಮುಚ್ಚಿಹೋಗಿದೆ. ಗಿರಣಿ ಇಲ್ಲವಾದರೂ ಸುತ್ತಲಿನ ಬಡಾವಣೆಗಳ ಕಾಲೇಜುಗಳಲ್ಲಿ ನೂಲು ಹಿಡಿಯಬಲ್ಲ ಕೈಗಳಿಗೆ ಕೊರತೆಯಿಲ್ಲ. ಈ ಕೆಲಸವನ್ನು ಕೈಗೊಳ್ಳುವ ವಿದ್ಯಾರ್ಥಿಗಳು ಮೂರು ಮಾತುಗಳನ್ನು ನೆನಪಿಡಲಿ. ನೂಲನ್ನು ಅಂಗೈಯಲ್ಲಲ್ಲ, ಮೊಣಕೈಯ ಒಳಮಗ್ಗುಲಿನ ನವುರು ಚರ್ಮದ ಮೇಲೆ ಕೆಲವು ನಿಮಿಷಗಳಾದರೂ ಇಟ್ಟು ಪರೀಕ್ಷಿಸಿರಿ. ಆಸ್ಪತ್ರೆಯವರನ್ನು ಮೊದಲೇ ವಿಚಾರಿಸಿ, ಬೇಕಾದುದನ್ನು ಬೇಕಾದ ಅಳತೆಯಲ್ಲಿ ಹೆಣೆಯಿರಿ. ಕೊನೆಯದಾಗಿ, ಟೋಪಿಯನ್ನು ನೀಡಿರಿ, ತೊಡಿಸಬೇಡಿರಿ. ಬೋಳುತಲೆಯಲ್ಲಿಯೇ ಓಡಾಡುವೆನೆನ್ನುವವರೂ ಇದ್ದಾರೆ, ಅದೂ ಧೈರ್ಯವೇ. ಕೂದಲು ಅವರನ್ನು ಕೇಳದೆ ಹೋಯಿತು. ಟೋಪಿಯಾದರೂ ಅವರನ್ನು ಕೇಳಿ ಬರಲಿ.