ನಗರದಲ್ಲಿ ಉಳಿದುದು ಯಾವುದು?

ಹಳೆಯ ರಾಜಧಾನಿಗಳನ್ನು ನೋಡಹೋಗುವವರು ಕೋಟೆಯನ್ನು ಹತ್ತಿ, ಬುರುಜಿನ ಮೇಲೆ ನಿಂತು, ಗತವೈಭವವನ್ನು ನೆನೆದು ನಿಟ್ಟುಸಿರಿಟ್ಟು ಹಿಂದಿರುಗುವುದು ವಾಡಿಕೆ. ನಾವೂ ಹಾಗೆಯೇ ಹೊರಟವರು. ಆಗುಂಬೆಯ ದಾರಿಯಲ್ಲಿರುವ ಮೇಗರವಳ್ಳಿಯಲ್ಲಿ ಬಂಧುಗಳ ಮನೆಯ ಶುಭಕಾರ್ಯವನ್ನು ಮುಗಿಸಿಕೊಂಡು, ಮಳೆ ಹಿಂಜರಿದ ಒಂದು ಬೆಳಗ್ಗೆ ತೀರ್ಥಹಳ್ಳಿಯ ಮಾರ್ಗವಾಗಿ ಹೊಸನಗರ ತಾಲ್ಲೂಕಿನ ನಗರವನ್ನು ಸೇರಿದೆವು. ಹೋಗುವಾಗ ಇದ್ದ ಭಾವನೆ ಬೇರೆ, ಬರುವಾಗ ಹೊತ್ತು ತಂದ ಯೋಚನೆ ಬೇರೆ. ಅದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಬಿದನೂರೆಂಬುದು ಈ ಊರಿನ ಹಿಂದಿನ ಹೆಸರು. ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಹಾಳುಗೆಡವಿದ ಬಳಿಕ, 1639ರ ಸುಮಾರಿಗೆ, ಕೆಳದಿಯ ವೀರಭದ್ರನಾಯಕನು ಗುಡ್ಡಗಾಡಿನ ನಡುವಣ ಈ ಸ್ಥಳಕ್ಕೆ ತನ್ನ ರಾಜಧಾನಿಯನ್ನು ತಂದನು. 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪನಾಯಕನ ಕಾಲದಲ್ಲಿ ಊರು ಬೆಳೆಯಿತು. ರಾಣಿ ಚೆನ್ನಮ್ಮಾಜಿಯು 1689ರಲ್ಲಿ ಔರಂಗಜೇಬನಿಗೆ ಅಂಜದೆ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತುದು ಈ ಸಂಸ್ಥಾನದಲ್ಲಿಯೇ. 1763ರಲ್ಲಿ ಹೈದರಾಲಿಯು ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಸಿದುಕೊಂಡು ಹೈದರನಗರವೆಂದು ಕರೆದನು. 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಅದನ್ನು ಹಿಡಿದನು. ಅದೇ ವರ್ಷ ಟಿಪ್ಪುವು ಮರಳಿ ಗೆದ್ದನು. ಇಷ್ಟೆಲ್ಲ ಕಾದಾಟಕ್ಕೆ ಕಾರಣವಾದ ಕೋಟೆಯಲ್ಲಿ ಇಂದು ಏನಿದೆ? ಗೋಡೆಗಳ ಸಂದಿನಲ್ಲಿ ಗಿಡಗಳು ಬೇರುಬಿಟ್ಟಿವೆ. ಅರಮನೆಯಿದ್ದೆಡೆಯಲ್ಲಿ ತಳಪಾಯ ಮಾತ್ರ ಕಾಣುತ್ತದೆ. ಒಳಗಿರುವ ಅಕ್ಕತಂಗಿಯರ ಕೊಳದ ಬಳಿ ನಿಂತಾಗ, ಅರಸರ ಸಿಂಹಾಸನ ಹೋದರೂ ನೀರು ಮಾತ್ರ ತನ್ನ ಸ್ಥಾನವನ್ನು ಬಿಡಲಿಲ್ಲವಲ್ಲಾ ಎಂದೆನಿಸಿತು.

ಈ ಯೋಚನೆಯು ದೇವಗಂಗೆಯನ್ನು ಕಂಡ ಮೇಲೆ ಇನ್ನಷ್ಟು ಬಲವಾಯಿತು. ನಗರದಿಂದ ಸ್ವಲ್ಪ ದೂರದಲ್ಲಿ, ಕಾಡಿನ ಮಗ್ಗುಲಿನಲ್ಲಿ, ಕೆಳದಿಯ ಅರಸರ ಕಾಲದ ಕೊಳಗಳ ಒಂದು ಸಮೂಹವೇ ಇದೆ. ದೊಡ್ಡದೊಂದು ಕೊಳ, ಅದರ ಸುತ್ತ ಬೇರೆ ಬೇರೆ ಆಕಾರದ ಚಿಕ್ಕ ಕೊಳಗಳು, ಎಲ್ಲವೂ ಕಲ್ಲಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿದವು. ಗುಡ್ಡದ ಒರತೆಯ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಹರಿದು ಹೊರಬೀಳುತ್ತದೆ. ಎತ್ತುವ ಯಂತ್ರವಿಲ್ಲ, ಕಾಯುವ ಸಿಪಾಯಿಯಿಲ್ಲ. ನೆಲದ ಇಳಿಜಾರನ್ನು ಬಲ್ಲವನ ಲೆಕ್ಕಾಚಾರವೊಂದೇ ಇಂದಿಗೂ ಕೆಲಸಮಾಡುತ್ತಿದೆ. ಆದರೆ ಅದೇ ಕೊಳದ ಮೆಟ್ಟಿಲಿನ ಮೇಲೆ, ವಿಹಾರಕ್ಕೆಂದು ಬಂದವರು ಬಿಟ್ಟುಹೋದ ಪ್ಲಾಸ್ಟಿಕ್ ಚೀಲಗಳನ್ನೂ ಕಂಡೆವು. ಹೈದರನ ಫಿರಂಗಿಯು ಕೆಡಿಸದುದನ್ನು ಸುಶಿಕ್ಷಿತರು ಕೆಡಿಸುವುದು ಯಾವ ನ್ಯಾಯ?

ನೆಲವನ್ನು ಬಲ್ಲ ಈ ಲೆಕ್ಕಾಚಾರವೇ ಶಿವಪ್ಪನಾಯಕನ ಕಂದಾಯದ ವ್ಯವಸ್ಥೆಯಲ್ಲಿಯೂ ಇದ್ದಿತು. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತನ್ನು ನಮ್ಮ ಅಧಿಕಾರಿ ವರ್ಗದವರೆಲ್ಲರೂ ಕೇಳಿದ್ದಾರೆ. ಅದರ ಕ್ರಮವನ್ನು ಅರಿತವರು ಕಡಮೆ. ಆತನು ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರದ ಭೂಮಿಯಲ್ಲಿ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆ, ಅದರ ಬೆಲೆ, ಎಲ್ಲವನ್ನೂ ಬರೆಯಿಸಿ, ಸರಾಸರಿಯನ್ನು ತೆಗೆದು, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದನು. ಮೊದಲು ತಾನು ಉತ್ತು ನೋಡಿ, ಆಮೇಲೆ ರೈತನನ್ನು ಕೇಳಿದ ದೊರೆ ಆತನು. ಈ ವಿವೇಕವನ್ನು ಮರೆತು, ಹಣದ ಕರಾರು ಮಾಡಿಕೊಂಡ ಅಮಲ್ದಾರರ ಕೈಗೆ ವಸೂಲಿಯನ್ನು ಒಪ್ಪಿಸಿದಾಗ ಏನಾಯಿತು? 1830ರಲ್ಲಿ ಇದೇ ಸೀಮೆಯ ರೈತರು ದಂಗೆಯೆದ್ದರು. ಅದನ್ನೇ ನೆಪಮಾಡಿಕೊಂಡು ಇಂಗ್ಲಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈವಶ ಮಾಡಿಕೊಂಡರು, 1881ರವರೆಗೂ ಬಿಡಲಿಲ್ಲ. ರೈತನ ಲೆಕ್ಕ ತಪ್ಪಿದರೆ ರಾಜ್ಯದ ಲೆಕ್ಕವೂ ತಪ್ಪುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇದು ಹಳೆಯ ಕತೆಯೆಂದು ಸುಮ್ಮನಿರುವಂತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಈ ಸೀಮೆಯ ಮೂಲಕವೇ ಹರಿಯುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು, ಗದ್ದೆ ತೋಟಗಳು, ದೇವಸ್ಥಾನಗಳು ನೀರಿನಡಿ ಸೇರಿದುವು. ನಾಡಿಗೆ ಬೆಳಕು ಬಂದಿತು. ಅದು ಬೇಕಾಗಿಯೂ ಇದ್ದಿತು. ಆದರೆ ಆ ಬೆಳಕಿಗಾಗಿ ಮನೆಮಾರು ಬಿಟ್ಟೆದ್ದವರಲ್ಲಿ, ತಮಗೆ ತೋರಿಸಿದ ಭೂಮಿಯ ಹಕ್ಕಿಗಾಗಿ ಅರವತ್ತು ವರ್ಷಗಳ ಮೇಲೆಯೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವ ಕುಟುಂಬಗಳಿವೆ. ಎಣ್ಣೆದೀಪದ ಕಾಲದ ಅರಸನು ಗ್ರಾಮಗ್ರಾಮದ ಗದ್ದೆಯನ್ನು ಹನ್ನೆರಡು ವರ್ಷಗಳಲ್ಲಿ ಲೆಕ್ಕ ಹಾಕಿ ಮುಗಿಸಿದನು. ನಕ್ಷೆ, ದಫ್ತರು, ಯಂತ್ರ, ಎಲ್ಲವೂ ಇರುವ ನಮ್ಮ ಸರಕಾರಗಳಿಗೆ ಐದು ಹನ್ನೆರಡು ವರ್ಷಗಳೂ ಸಾಲದೆ ಹೋದುವು. ಇದನ್ನು ಬರೆಯಲು ನಮಗೇ ನಾಚಿಕೆಯಾಗುತ್ತದೆ. ಓದುವ ಅಧಿಕಾರಿಗಳಿಗೂ ಆಗಲಿ ಎಂದೇ ಬರೆದಿದ್ದೇವೆ.

ಬಿದನೂರಿನ ಅರಸರು ತಮಗಾಗಿ ಕಟ್ಟಿದ ಅರಮನೆ ಬಿದ್ದುಹೋಯಿತು. ಅವರು ತೋಡಿಸಿದ ಕೊಳ ಉಳಿಯಿತು. ರೈತನನ್ನು ಕುರಿತು ಅವರು ಹಾಕಿದ ಲೆಕ್ಕವು ಗಾದೆಯಾಗಿ ಉಳಿಯಿತು. ಆದುದರಿಂದ ನಗರಕ್ಕೆ ಹೋಗುವ ಮಹಾಶಯರು ಕೋಟೆಯನ್ನು ನೋಡಿ ಅಷ್ಟಕ್ಕೇ ಹಿಂದಿರುಗಬಾರದು. ದೇವಗಂಗೆಯ ಮೆಟ್ಟಿಲಿನ ಮೇಲೆ ಅರ್ಧ ಗಳಿಗೆ ಕುಳಿತು, ತಾವು ತಂದುದನ್ನು ತಾವೇ ಹಿಂದಕ್ಕೆ ಒಯ್ಯಲಿ. ಅಧಿಕಾರದಲ್ಲಿರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಮೇಜಿನ ಮೇಲಿರುವ ಮುಳುಗಡೆಯವರ ಅರ್ಜಿಯ ಕಟ್ಟನ್ನು ಒಮ್ಮೆ ಬಿಚ್ಚಲಿ. ಶಿವಪ್ಪನಾಯಕನ ಊರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವು ಇದೇ.