ಯಾರ ಪೆಟ್ಟಿಗೆ ಸತ್ತ? ಮೇಲ್ಮನವಿಯಲ್ಲಿ ಏಳುವ ಪ್ರಶ್ನೆ

ಕಾಸರಗೋಡು: ಹತ್ತು ಹದಿನೈದು ಮಂದಿ ಸೇರಿ ಒಬ್ಬನನ್ನು ಹಿಡಿಯುತ್ತಾರೆ. ಒಬ್ಬ ಕೈ ಕಟ್ಟುತ್ತಾನೆ, ಇನ್ನೊಬ್ಬ ತುಳಿಯುತ್ತಾನೆ, ಮತ್ತೊಬ್ಬ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ. ಹಿಡಿಸಿಕೊಂಡವ ಸಾಯುತ್ತಾನೆ. ಸತ್ತದ್ದು ಯಾರ ಪೆಟ್ಟಿಗೆ? ಊರಲ್ಲಿ ಕೇಳಿದರೆ ‘ಎಲ್ಲರೂ ಸೇರಿ ಕೊಂದದ್ದು’ ಅಂತಾರೆ. ಕೋರ್ಟಿಗೆ ಆ ಉತ್ತರ ಸಾಲದು. ಯಾರು ಏನು ಮಾಡಿದರು, ಏನು ಗೊತ್ತಿದ್ದು ಮಾಡಿದರು ಎಂಬುದು ಒಬ್ಬೊಬ್ಬರ ಬಗ್ಗೆಯೂ ರುಜುವಾತಾಗಬೇಕು. ವಿಚಾರಣಾ ಕೋರ್ಟಿನಲ್ಲಿ ಒಮ್ಮೆ ತೀರ್ಮಾನವಾದ ಈ ಲೆಕ್ಕ ಮೇಲ್ಮನವಿಯಲ್ಲಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕೇರಳದಲ್ಲಿ ಈ ಮಾತು ಬಂದಾಗಲೆಲ್ಲ ನೆನಪಾಗುವುದು ಅಟ್ಟಪ್ಪಾಡಿಯ ಮಧು ಪ್ರಕರಣ. ಪಾಲಕ್ಕಾಡ್ ಜಿಲ್ಲೆಯ ಅಟ್ಟಪ್ಪಾಡಿ, ನೀಲಗಿರಿ ಮತ್ತು ಕೊಯಮತ್ತೂರು ಜಿಲ್ಲೆಗಳಿಗೆ ತಾಗಿರುವ ಆದಿವಾಸಿಗಳ ಬೆಟ್ಟದ ನಾಡು. ಅಲ್ಲಿನ ಕೇಸಿನ ಮೇಲ್ಮನವಿ ಹೋದದ್ದು ಎರ್ನಾಕುಳಂನ ಹೈಕೋರ್ಟಿಗೆ. ಕಾಸರಗೋಡು ಸೆಷನ್ಸ್ ಕೋರ್ಟಿನ ತೀರ್ಪಿನ ಮೇಲೆ ಹೋಗಬೇಕಾದದ್ದೂ ಅಲ್ಲಿಗೇ. ಹಾಗಾಗಿ ಆ ಕೇಸು ನಡೆದ ದಾರಿ ನಮ್ಮವರಿಗೂ ಗೊತ್ತಿರಬೇಕಾದದ್ದು.

ಅಕ್ಕಿ ಕದ್ದನೆಂಬ ಆರೋಪ

2018ರ ಫೆಬ್ರವರಿ 22. ಮಾನಸಿಕ ಅಸ್ವಸ್ಥತೆಯಿದ್ದು, ಮನೆ ಬಿಟ್ಟು ಕಾಡಿನ ಗುಹೆಯಲ್ಲಿ ಇರುತ್ತಿದ್ದ ಆದಿವಾಸಿ ಯುವಕ ಮಧು. ಅಂಗಡಿಯಿಂದ ಅಕ್ಕಿ, ಸಾಮಾನು ಕದ್ದಿದ್ದಾನೆ ಎಂದು ಆರೋಪಿಸಿ ಒಂದು ಗುಂಪು ಕಾಡಿಗೆ ನುಗ್ಗಿ ಆತನನ್ನು ಹಿಡಿಯಿತು. ಕೈ ಕಟ್ಟಿ, ಹೊಡೆಯುತ್ತಾ ಮುಕ್ಕಾಲಿ ಪೇಟೆಗೆ ನಡೆಸಿಕೊಂಡು ಬಂದಿತು. ಆತನ ಪಕ್ಕ ನಿಂತು ತೆಗೆದ ಸೆಲ್ಫಿ ದೇಶವಿಡೀ ಹರಿದಾಡಿತು. ಕೊನೆಗೆ ಪೊಲೀಸರ ಕೈಗೆ ಒಪ್ಪಿಸಲಾಯಿತು. ಜೀಪಿನಲ್ಲಿ ಅಗಳಿಗೆ ಕರೆದೊಯ್ಯುವಾಗ ದಾರಿಯಲ್ಲೇ ಆತ ತೀರಿಕೊಂಡ.

ಪೊಲೀಸರು 16 ಮಂದಿಯ ಮೇಲೆ ಕೊಲೆ ಸಹಿತ ಹಲವು ಕಲಂಗಳಡಿ ಕೇಸು ಹಾಕಿದರು. ಅದೇ ವರ್ಷ ದೋಷಾರೋಪ ಪಟ್ಟಿಯೂ ಸಲ್ಲಿಕೆಯಾಯಿತು. ಆದರೆ ಮಣ್ಣಾರ್ಕಾಡಿನ ವಿಶೇಷ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಶುರುವಾದದ್ದು 2022ರಲ್ಲಿ. ಅಷ್ಟರಲ್ಲಿ ಸರಕಾರಿ ಪ್ರಾಸಿಕ್ಯೂಟರ್‌ಗಳು ಒಬ್ಬರ ನಂತರ ಒಬ್ಬರು ಬದಲಾಗಿದ್ದರು. ನಾಲ್ಕು ವರ್ಷ ಎಂದರೆ ಸಾಕ್ಷಿಗಳನ್ನು ಹೆದರಿಸಲು, ಒಲಿಸಿಕೊಳ್ಳಲು ಬೇಕಾದಷ್ಟು ಸಮಯ!

ಕಣ್ಣು ಸರಿ ಇತ್ತು, ಬಾಯಿ ಬರಲಿಲ್ಲ

ಪಟ್ಟಿಯಲ್ಲಿದ್ದ ಸಾಕ್ಷಿಗಳು 127. ಅವರಲ್ಲಿ 24 ಮಂದಿ ಪ್ರತಿಕೂಲ ಸಾಕ್ಷಿ ನುಡಿದರು. ಮೊದಲು ಪೊಲೀಸರ ಮುಂದೆ ‘ನೋಡಿದ್ದೇನೆ’ ಎಂದವರು ಕಟಕಟೆ ಹತ್ತಿ ‘ಇಲ್ಲ, ನಾನೇನೂ ಕಂಡಿಲ್ಲ’ ಅಂದುಬಿಟ್ಟರು. ಅರಣ್ಯ ಇಲಾಖೆಯ ತಾತ್ಕಾಲಿಕ ವಾಚರ್‌ಗಳೂ ಇವರಲ್ಲಿದ್ದರು. ಕೆಲವರು ಕೆಲಸ ಕಳೆದುಕೊಂಡರು.

ಒಬ್ಬ ಸಾಕ್ಷಿಯ ಪ್ರಸಂಗವಂತೂ ಆಗ ಮನೆಮಾತಾಗಿತ್ತು. ಕೋರ್ಟಿನಲ್ಲಿ ವಿಡಿಯೋ ತೋರಿಸಿದಾಗ, ಅದರಲ್ಲಿ ತಾನೇ ನಿಂತಿದ್ದರೂ ಆತ ತನಗೇನೂ ಕಾಣಿಸುವುದಿಲ್ಲ ಎಂದ. ನ್ಯಾಯಾಧೀಶರು ಆತನನ್ನು ಕಣ್ಣಿನ ಪರೀಕ್ಷೆಗೆ ಕಳುಹಿಸಿದರು. ದೃಷ್ಟಿಯಲ್ಲಿ ದೋಷವಿಲ್ಲ ಎಂದು ವರದಿ ಬಂತು.

ಜಾಮೀನಿನಲ್ಲಿದ್ದ ಆರೋಪಿಗಳು ಸಾಕ್ಷಿಗಳನ್ನು ಸಂಪರ್ಕಿಸುತ್ತಿದ್ದಾರೆ ಎಂದು ಪ್ರಾಸಿಕ್ಯೂಷನ್ ಫೋನ್ ದಾಖಲೆ ಮುಂದಿಟ್ಟಿತು. 2022ರ ಆಗಸ್ಟ್‌ನಲ್ಲಿ ವಿಶೇಷ ಕೋರ್ಟು 12 ಮಂದಿಯ ಜಾಮೀನು ರದ್ದುಪಡಿಸಿತು. ಮರು ತಿಂಗಳು ಹೈಕೋರ್ಟು ಹೆಚ್ಚಿನವರ ವಿಷಯದಲ್ಲಿ ಅದನ್ನು ಎತ್ತಿ ಹಿಡಿಯಿತು. ಸಾಕ್ಷಿಗಳಿಗೆ ರಕ್ಷಣೆಯನ್ನೂ ಒದಗಿಸಲಾಯಿತು. ಕೇಸು ಉಳಿದುಕೊಂಡದ್ದು ಅಳುಕದೆ ನುಡಿದ ಸಾಕ್ಷಿಗಳಿಂದ, ಸಿಸಿಟಿವಿ ಮತ್ತು ಮೊಬೈಲ್ ದೃಶ್ಯಗಳಿಂದ.

ಕೊಲೆ ಅಲ್ಲ, ನರಹತ್ಯೆ

2023ರ ಏಪ್ರಿಲ್ 4ರಂದು ತೀರ್ಪು ಬಂತು. 16 ಮಂದಿಯಲ್ಲಿ 14 ಮಂದಿ ತಪ್ಪಿತಸ್ಥರು, ಇಬ್ಬರು ಖುಲಾಸೆ. ಮರುದಿನ 13 ಮಂದಿಗೆ 7 ವರ್ಷ ಕಠಿಣ ಸಜೆ, ದಂಡ. ಉಳಿದ ಒಬ್ಬನ ಮೇಲೆ ಸಣ್ಣ ಆರೋಪ ಮಾತ್ರ ಸಾಬೀತಾಗಿ ಮೂರು ತಿಂಗಳ ಸಜೆ; ಅದನ್ನು ಆತ ಮೊದಲೇ ಅನುಭವಿಸಿ ಆಗಿತ್ತು.

ಇಲ್ಲಿ ಗಮನಿಸಬೇಕಾದ್ದು ಕಲಂ. ಆರೋಪವಿದ್ದದ್ದು ಐಪಿಸಿ 302, ಅಂದರೆ ಕೊಲೆ. ಸಾಬೀತಾದದ್ದು 304ರ ಎರಡನೇ ಭಾಗ, ಅಂದರೆ ಕೊಲೆ ಎನಿಸದ ನರಹತ್ಯೆ. ಎರಡರಲ್ಲೂ ಸತ್ತವನು ಸತ್ತವನೇ. ವ್ಯತ್ಯಾಸ ಇರುವುದು ಹೊಡೆದವನ ಮನಸ್ಸಿನಲ್ಲಿ. ಕೊಲ್ಲಲೇಬೇಕೆಂದು, ಇಲ್ಲವೇ ಸಾವು ಬರುವುದು ಖಚಿತ ಎನ್ನುವಂತಹ ಗಾಯ ಮಾಡಲೆಂದೇ ಹೊಡೆದರೆ ಕೊಲೆ. ಅದಕ್ಕೆ ಜೀವಾವಧಿ ಅಥವಾ ಮರಣದಂಡನೆ. ಕೊಲ್ಲುವ ಉದ್ದೇಶವಿಲ್ಲ, ಆದರೆ ಹೀಗೆ ಹೊಡೆದರೆ ಸಾಯಬಹುದು ಎಂಬ ಅರಿವಿತ್ತು ಎಂದಾದರೆ 304ರ ಎರಡನೇ ಭಾಗ. ಅದಕ್ಕೆ ಹೆಚ್ಚೆಂದರೆ 10 ವರ್ಷ.

ಗುಂಪು ಹಲ್ಲೆಯ ಕೇಸುಗಳಲ್ಲಿ ವಾದವೆಲ್ಲ ಸುತ್ತುವುದು ಈ ಗೆರೆಯ ಆಚೀಚೆ. ‘ಎರಡು ಪೆಟ್ಟು ಕೊಟ್ಟು ಪೊಲೀಸರಿಗೆ ಒಪ್ಪಿಸುವಾ ಅಂತಿದ್ದೆವು’ ಎಂಬುದು ಆರೋಪಿಗಳ ಕಡೆಯಿಂದ ಸಾಮಾನ್ಯವಾಗಿ ಬರುವ ಮಾತು. ಕಟ್ಟಿಹಾಕಿದ, ತಿರುಗಿ ಹೊಡೆಯಲಾಗದವನ ತಲೆಗೆ, ಎದೆಗೆ ಬಿದ್ದ ಏಟಿನಲ್ಲಿ ಉದ್ದೇಶ ಕಾಣುವುದಿಲ್ಲವೇ ಎಂಬುದು ಎದುರು ವಾದ.

ಕೈ ಎತ್ತದೆ ಗುಂಪಿನಲ್ಲಿ ಇದ್ದವರ ಗತಿ? ಐಪಿಸಿ 149ನೇ ಕಲಂ (ಈಗ ಭಾರತೀಯ ನ್ಯಾಯ ಸಂಹಿತೆಯ 190) ಹೇಳುವಂತೆ ಐದು ಅಥವಾ ಹೆಚ್ಚು ಮಂದಿ ಕಾನೂನುಬಾಹಿರ ಉದ್ದೇಶದಿಂದ ಕೂಡಿದ್ದರೆ, ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಎಲ್ಲರೂ ಹೊಣೆ. ಆದರೆ ಗಲಾಟೆ ಕೇಳಿ ನೋಡಲು ಬಂದು ನಿಂತವನು ಇದರಲ್ಲಿ ಸೇರುವುದಿಲ್ಲ. ಯಾರು ಗುಂಪಿನವ, ಯಾರು ಬರೇ ನೋಡಲು ನಿಂತವ ಎಂದು ಬೇರ್ಪಡಿಸುವುದೇ ಕಷ್ಟದ ಕೆಲಸ.

ಒಂದೇ ಶಿಕ್ಷೆ, ಬೇರೆ ಬೇರೆ ತೂಕ

ಶಿಕ್ಷೆಯಾದವರು ಹೈಕೋರ್ಟಿಗೆ ಹೋದರು. ಮೇಲ್ಮನವಿ ತೀರ್ಮಾನವಾಗುವವರೆಗೆ ಶಿಕ್ಷೆ ಅಮಾನತಿನಲ್ಲಿಡಿ ಎಂದು ಕೇಳಿಕೊಂಡರು. 2023ರ ನವೆಂಬರ್‌ನಲ್ಲಿ ಹೈಕೋರ್ಟು ಮೊದಲನೇ ಆರೋಪಿಯ ಶಿಕ್ಷೆಯನ್ನು ಮಾತ್ರ ಅಮಾನತಿನಲ್ಲಿಟ್ಟಿತು. ಉಳಿದವರಿಗೆ ಆ ರಿಯಾಯಿತಿ ಸಿಗಲಿಲ್ಲ. ಎಲ್ಲರಿಗೂ ಆದದ್ದು ಅದೇ 7 ವರ್ಷ. ಆದರೂ ಮೇಲಿನ ಕೋರ್ಟು ಎಲ್ಲರನ್ನೂ ಒಟ್ಟಿಗೆ ತೂಗಲಿಲ್ಲ.

ಝಾರ್ಖಂಡಿನ ರಾಮಗಢದಲ್ಲಿ 2017ರಲ್ಲಿ ದನದ ಮಾಂಸ ಸಾಗಿಸಿದ ಆರೋಪದ ಮೇಲೆ ಒಬ್ಬರನ್ನು ಬಡಿದು ಕೊಂದ ಕೇಸು ಇನ್ನೊಂದು ಉದಾಹರಣೆ. ತ್ವರಿತಗತಿ ಕೋರ್ಟು 2018ರ ಮಾರ್ಚ್‌ನಲ್ಲಿ 11 ಮಂದಿಗೆ ಕೊಲೆಯ ಅಪರಾಧಕ್ಕೆ ಜೀವಾವಧಿ ವಿಧಿಸಿತ್ತು. ಜೂನ್ ಕೊನೆಗೆ ಹೈಕೋರ್ಟು ಅವರಲ್ಲಿ 8 ಮಂದಿಗೆ ಜಾಮೀನು ನೀಡಿತು. ಶಿಕ್ಷೆ ಅಮಾನತು ಎಂದರೆ ಖುಲಾಸೆ ಅಲ್ಲ; ಅಪರಾಧಿ ಎಂಬ ತೀರ್ಪು ಹಾಗೇ ಇರುತ್ತದೆ. ಆದರೆ ಹೊರಗೆ ಬಂದವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ ಸಾಕ್ಷಿ ಹೇಳಿದವನಿಗೆ ಈ ವ್ಯತ್ಯಾಸ ಹೇಳಿ ಸಮಾಧಾನ ಮಾಡುವುದು ಸುಲಭವಲ್ಲ.

ಹೈಕೋರ್ಟು ಓದುವುದು ಕೆಳಗಿನ ಕಾಗದ

ಮೇಲ್ಮನವಿ ಎಂದರೆ ಎಲ್ಲರನ್ನೂ ಮತ್ತೆ ಕರೆದು ಕೇಳುತ್ತಾರೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅಪರೂಪಕ್ಕೆ ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರವಿದ್ದರೂ, ಸಾಮಾನ್ಯವಾಗಿ ಹೈಕೋರ್ಟು ನೋಡುವುದು ಕೆಳಗೆ ದಾಖಲಾದ ಹೇಳಿಕೆ, ಮರಣೋತ್ತರ ವರದಿ, ಮಹಜರು, ದೃಶ್ಯಗಳು. ಅಲ್ಲಿ ಯಾರಾದರೂ ಹೆದರಿ ‘ಗೊತ್ತಿಲ್ಲ’ ಎಂದಿದ್ದರೆ ಅದೇ ‘ಗೊತ್ತಿಲ್ಲ’ ಎರ್ನಾಕುಳಂಗೂ, ಅಲ್ಲಿಂದ ದಿಲ್ಲಿಗೂ ಹೋಗುತ್ತದೆ. ಪ್ರತಿಕೂಲ ಸಾಕ್ಷಿಯ ಮಾತಿನಲ್ಲಿ ನಂಬುವಂಥ ಭಾಗವನ್ನು ಕೋರ್ಟು ಬಳಸಿಕೊಳ್ಳಬಹುದು. ಆದರೆ ಹೇಳದೇ ಬಿಟ್ಟದ್ದನ್ನು ಸೇರಿಸಲು ಬರುವುದಿಲ್ಲ.

ಮೊಬೈಲ್ ದೃಶ್ಯಕ್ಕೂ ಕ್ರಮವಿದೆ. ಸಾಕ್ಷ್ಯ ಕಾಯ್ದೆಯ 65ಬಿ (ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63) ಪ್ರಕಾರದ ಪ್ರಮಾಣಪತ್ರವಿಲ್ಲದೆ ಅದರ ನಕಲು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಎಲ್ಲರೂ ನೋಡಿದ ವಿಡಿಯೋ ಅಂದ ಮಾತ್ರಕ್ಕೆ ಕೋರ್ಟು ನೋಡಬೇಕೆಂದಿಲ್ಲ.

ಸತ್ತವನ ಮನೆಯವರಿಗೂ ದಾರಿಯಿದೆ. ಖುಲಾಸೆಯ ವಿರುದ್ಧ, ಅಥವಾ ಕೊಲೆಯ ಬದಲು ಕಡಿಮೆ ಅಪರಾಧ ಸಾಬೀತಾದುದರ ವಿರುದ್ಧ ಅವರೇ ಮೇಲ್ಮನವಿ ಹಾಕಬಹುದು. 2009ರ ಕೊನೆಯಿಂದ ಕಾನೂನಿನಲ್ಲಿ ಈ ಹಕ್ಕಿದೆ. ಶಿಕ್ಷೆ ಕಡಿಮೆಯಾಯಿತು ಎಂದು ಹೋಗಬೇಕಾದದ್ದು ಸರಕಾರ. ಪರಿಶಿಷ್ಟ ಜಾತಿ, ವರ್ಗಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳಲ್ಲಿ ಮೇಲ್ಮನವಿಯನ್ನು ಸಾಧ್ಯವಾದಷ್ಟು ಮೂರು ತಿಂಗಳೊಳಗೆ ಮುಗಿಸಬೇಕು ಎಂದೂ ಕಾಯ್ದೆ ಹೇಳುತ್ತದೆ.

ಗಡಿಯ ಈಚೆಗೂ ಬಂದ ಪ್ರಶ್ನೆ

2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 103(2)ರಲ್ಲಿ ಗುಂಪು ಕೊಲೆಗೆ ಪ್ರತ್ಯೇಕ ಕಲಂ ಇದೆ. ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಮಂದಿ ಸೇರಿ ಕೊಂದರೆ ಪ್ರತಿಯೊಬ್ಬರಿಗೂ ಜೀವಾವಧಿ ಅಥವಾ ಮರಣದಂಡನೆ. ಇದರಲ್ಲೂ ಮೊದಲು ಕೊಲೆ ಎಂಬುದು ಸಾಬೀತಾಗಬೇಕು. ಕೊಲೆಯೋ ನರಹತ್ಯೆಯೋ ಎಂಬ ಹಳೇ ಪ್ರಶ್ನೆ ತಪ್ಪುವುದಿಲ್ಲ.

2025ರ ಏಪ್ರಿಲ್ 27ರಂದು ಮಂಗಳೂರು ಸಮೀಪದ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯದ ಮೈದಾನದ ಬಳಿ ವಯನಾಡಿನ ವ್ಯಕ್ತಿಯೊಬ್ಬರು ಗುಂಪಿನ ಹಲ್ಲೆಗೆ ಬಲಿಯಾದಾಗ ಇದೇ ಕಲಂ ಹಾಕಲಾಯಿತು. ಅದೂ ತಕ್ಷಣವಲ್ಲ. ಮೊದಲು ಅಸಹಜ ಸಾವು ಎಂದು ದಾಖಲಾಗಿತ್ತು; ಕರ್ತವ್ಯಲೋಪಕ್ಕಾಗಿ ಮೂವರು ಪೊಲೀಸರು ಅಮಾನತಾದರು. ಮೊದಲ ಎರಡು ದಿನ ಕಳೆದುಹೋದ ಸಾಕ್ಷ್ಯವನ್ನು ಮುಂದೆ ಯಾವ ಹೈಕೋರ್ಟೂ ಹುಡುಕಿ ತರಲಾರದು.

‘ನಮಗ್ಯಾಕೆ ಕೋರ್ಟು ಕಚೇರಿ ರಗಳೆ’ ಎನ್ನುವವರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಹೆದರಿಕೆಗೆ ಕಾರಣವೂ ಇದೆ. ಆದರೆ ಸುಪ್ರೀಂ ಕೋರ್ಟು 2018ರ ಡಿಸೆಂಬರ್‌ನಲ್ಲಿ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಎಲ್ಲ ರಾಜ್ಯಗಳಿಗೂ ಅನ್ವಯ. ಜೀವಕ್ಕೆ ಬೆದರಿಕೆಯಿದ್ದರೆ ಸಾಕ್ಷಿ, ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಪೊಲೀಸ್ ಕಾವಲು, ಗುರುತು ಮರೆಮಾಚುವುದು, ಅಗತ್ಯವಿದ್ದರೆ ಬೇರೆ ಕಡೆ ವಾಸದ ಏರ್ಪಾಡು, ಎಲ್ಲಕ್ಕೂ ಅದರಲ್ಲಿ ಅವಕಾಶವಿದೆ. ಅಟ್ಟಪ್ಪಾಡಿಯಲ್ಲಿ ಈ ರಕ್ಷಣೆ ಸಿಕ್ಕಿದ್ದು ಹಲವರು ಮಾತು ಬದಲಿಸಿದ ಮೇಲೆ. ಮುಂದಿನ ಕೇಸಿನಲ್ಲಾದರೂ ಮೊದಲ ಸಾಕ್ಷಿ ಕಟಕಟೆ ಹತ್ತುವ ಮುಂಚೆಯೇ ಅದು ಸಿಗಬೇಕು.