ಕಿರುದೋಣಿಯ ಹಳೆಯ ಎಂಜಿನು

ಲಂಡನ್ ನಗರದ ಪೂರ್ವಭಾಗದಲ್ಲಿ ವಿಕ್ಟೋರಿಯಾ ಪಾರ್ಕ್ ಎಂಬ ಉದ್ಯಾನವಿದೆ. ಅಲ್ಲಿಯ ಕೊಳದಲ್ಲಿ ಉಗಿಯಂತ್ರದ ಮಾದರಿ ದೋಣಿಗಳನ್ನು ಓಡಿಸುವುದಕ್ಕಾಗಿ 1904ರಲ್ಲಿ ಹವ್ಯಾಸಿಗಳ ಸಂಘವೊಂದು ಹುಟ್ಟಿತು. ಉಗಿಯ ಬೆನ್ನಿಗೆ ಪೆಟ್ರೋಲ್ ಎಂಜಿನು ಬಂದಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಕಿರು ಡೀಸೆಲ್ ಎಂಜಿನುಗಳು ಬ್ರಿಟನ್ನಿನ ಕೊಳಗಳಿಗೆ ಇಳಿದುವು. 1946ರಲ್ಲಿ ಹೊರಬಂದ ‘ಮಿಲ್ಸ್’ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಸಿಲಿಂಡರಿನ ಅಳತೆ ಕೇವಲ 1.3 ಘನ ಸೆಂಟಿಮೀಟರ್. ಎಂದರೆ ಟೀ ಚಮಚದ ಸುಮಾರು ಕಾಲು ಭಾಗ! ಇಂಥ ಎಂಜಿನುಗಳನ್ನೂ ದೋಣಿಗಳನ್ನೂ ಇಂದು ಹವ್ಯಾಸಿಗಳು ಹುಡುಕಿ ಸಂಗ್ರಹಿಸುತ್ತಾರೆ. ಇವನ್ನು ಗಾಜಿನ ಬೀರುವಿನಲ್ಲಿಟ್ಟು ಕಾಪಾಡಬೇಕೆ, ಇಲ್ಲವೆ ನೀರಿಗಿಳಿಸಿ ಓಡಿಸಬೇಕೆ? ಉತ್ತರವನ್ನು ಎಂಜಿನಿನ ರಚನೆಯಲ್ಲಿಯೇ ನಾವು ಕಾಣಬಹುದು.

ಡೀಸೆಲ್ ಎಂಬ ಹೆಸರು ಇದಕ್ಕೆ ಪೂರ್ತಿಯಾಗಿ ಒಪ್ಪುವುದಿಲ್ಲ. ಲಾರಿಯ ಡೀಸೆಲ್ ಎಂಜಿನಿನಲ್ಲಿ ಮೊದಲು ಗಾಳಿಯೊಂದೇ ಅದುಮಲ್ಪಡುತ್ತದೆ. ಇಂಧನವನ್ನು ಕೊನೆಯಲ್ಲಿ ಚಿಮ್ಮಿಸುತ್ತಾರೆ. ಕಿರು ಎಂಜಿನಿನಲ್ಲಾದರೋ ಗಾಳಿಯೂ ಇಂಧನವೂ ಮೊದಲೇ ಬೆರೆತು ಒಳಹೋಗುತ್ತವೆ. ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ ಪಂಪನ್ನು ಬಿರುಸಾಗಿ ಒತ್ತಿದಾಗ ಅದರ ಕೊಳವೆ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಅದೇ ಬಗೆಯ ಬಿಸಿಯಿಂದ ಇಲ್ಲಿ ಇಂಧನವು ಹೊತ್ತಿಕೊಳ್ಳುತ್ತದೆ.

ಆ ಇಂಧನವು ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳನ್ನು ಹೆಚ್ಚುಕಡಿಮೆ ಸಮವಾಗಿ ಬೆರೆಸಿದುದು. ಈಥರ್ ಸುಮಾರು 160 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ತಾನಾಗಿ ಹೊತ್ತುವುದರಿಂದ ದಹನವನ್ನು ಆರಂಭಿಸುತ್ತದೆ. ಸೀಮೆಎಣ್ಣೆ ಶಕ್ತಿಯನ್ನು ಕೊಡುತ್ತದೆ. ಹರಳೆಣ್ಣೆ ಪಿಸ್ಟನ್ನಿನ ಸವೆತವನ್ನು ತಡೆಯುತ್ತದೆ. ಸಿಲಿಂಡರಿನ ತಲೆಯಲ್ಲಿ ಇನ್ನೊಂದು ಪಿಸ್ಟನ್ ಉಂಟು. ತಿರುಪಿನಿಂದ ಅದನ್ನು ಕೆಳಕ್ಕೆ ಸರಿಸಿದರೆ ಒತ್ತಡ ಹೆಚ್ಚುತ್ತದೆ.

ವಿಮಾನದ ಮಾದರಿಯಲ್ಲಿ ಗಾಳಿಯ ಪಂಖವೇ ಎಂಜಿನಿನ ತಿರುಗುವಿಕೆಯನ್ನು ಸಮವಾಗಿ ಕಾಯುತ್ತದೆ. ದೋಣಿಯಲ್ಲಿ ಆ ಕೆಲಸಕ್ಕೆ ಭಾರವಾದ ಲೋಹದ ಚಕ್ರವನ್ನು ಜೋಡಿಸಬೇಕು. ಅದರ ಗಾಡಿಗೆ ಹುರಿಯನ್ನು ಸುತ್ತಿ ಎಳೆದರೆ ಎಂಜಿನು ಚಾಲೂ ಆಗುತ್ತದೆ. ರೇಡಿಯೋ ನಿಯಂತ್ರಣವಿಲ್ಲದ ಕಾಲದಲ್ಲಿ ಚುಕ್ಕಾಣಿಯನ್ನು ಮೊದಲೇ ಹೊಂದಿಸಿ ದೋಣಿಯನ್ನು ಬಿಟ್ಟುಬಿಡುತ್ತಿದ್ದರು. ಹಿಡಿಯಲು ಎದುರು ದಡದಲ್ಲಿ ಒಬ್ಬರು ಕಾದು ನಿಲ್ಲಬೇಕಾಗಿತ್ತು.

ಹಳೆಯ ಎಂಜಿನು ಸಿಕ್ಕಾಗ ಬಹುತೇಕ ಅಲುಗದಂತೆ ಬಿಗಿದಿರುತ್ತದೆ. ಲೋಹವೇ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಹರಳೆಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗಿ ಗಟ್ಟಿಯಾಗಿರುತ್ತದೆ. ಇಕ್ಕಳದಿಂದ ಬಲವಂತವಾಗಿ ತಿರುಗಿಸಿದರೆ ಎಂಜಿನು ಹಾಳಾದೀತು. ಮೊದಲು ಉಳಿದ ಇಂಧನವನ್ನೆಲ್ಲ ತೆಗೆದು, ಬಿಸಿನೀರಿನಿಂದ ಮೆಲ್ಲಗೆ ಕಾಯಿಸಿದರೆ ಅಂಟು ಸಡಿಲವಾಗುತ್ತದೆ.

ಇನ್ನೊಂದು ಅಪಾಯವೂ ಉಂಟು. ಅನಿಲವನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ಸಿಲಿಂಡರಿನಲ್ಲಿ ಇಂಧನವು ತುಂಬಿ ನಿಂತಿರುವಾಗ ಹುರಿಯನ್ನು ಜಗ್ಗಿದರೆ ಪಿಸ್ಟನ್ನಿನ ಕಡ್ಡಿ ಬಾಗುತ್ತದೆ. ಐವತ್ತು ಅರುವತ್ತು ವರ್ಷ ಬಾಳಿದ ಯಂತ್ರಕ್ಕೆ ಒಂದು ಎಳೆತವೇ ಸಾಕು. ಈಥರಿನ ಆವಿಯಂತೂ ದೂರದ ಕಿಡಿಗೂ ಹೊತ್ತಿಕೊಳ್ಳುವಂಥದು. ಆದುದರಿಂದ ವಿದ್ಯಾರ್ಥಿಗಳು ಇಂಧನವನ್ನು ತಾವೇ ಬೆರೆಸಲು ಹೋಗಬಾರದು.

ಓಡಿದರೆ ಯಂತ್ರ ಸವೆಯುತ್ತದೆ, ಓಡದಿದ್ದರೆ ಅಂಟುಗಟ್ಟುತ್ತದೆ. ಆಗಾಗ ಕೆಲವು ನಿಮಿಷ ಓಡಿಸಿ, ಉಳಿದ ಇಂಧನವನ್ನು ತೆಗೆದು, ಗಟ್ಟಿಯಾಗದ ತೆಳು ಯಂತ್ರತೈಲವನ್ನು ಹಾಕಿಡುವುದೇ ನಡುವಣ ದಾರಿ. ಹಾಗೆ ಮಾಡಿದಲ್ಲಿ ಉಳಿಯುವುದು ಲೋಹವೊಂದೇ ಅಲ್ಲ. ಹುರಿಯನ್ನು ಎಷ್ಟು ಬಿರುಸಾಗಿ ಎಳೆಯಬೇಕು, ತಿರುಪನ್ನು ಎಷ್ಟು ತಿರುಗಿಸಬೇಕು ಎಂಬ ಕೈಯ ತಿಳಿವಳಿಕೆಯೂ ಉಳಿಯುತ್ತದೆ. ಗಾಜಿನ ಬೀರು ಅದನ್ನು ಕಾಪಾಡಲಾರದು.